ಅಪ್ಪ ರೊಟ್ಟಿ ಕಲಿಯಲು ರಜೆ ಹಾಕಿದ್ದು

ನಮ್ಮಪ್ಪ ಅಂಬಣ್ಣ ರಜೆ ಹಾಕುವ ಪೈಕಿ ಅಲ್ಲ. ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿದ ಮೇಲೆ ಜ್ವರ ಬಂದರೂ ಬಸ್ಸಿನಲ್ಲೇ ಬೆವರಿ ಇಳಿಸಿಕೊಂಡವನು. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೂ ಬೆಳಗಿನ ಟ್ರಿಪ್ ಮುಗಿಸಿ, ಚೀಲ ಹೆಗಲಲ್ಲಿರುವಂತೆಯೇ ಬಂದು ತೂಗಿ ಹೋದನಂತೆ. ಅಂಥ ಮನುಷ್ಯ ಹೋದ ಬೇಸಿಗೆಯಲ್ಲಿ ಡಿಪೋ ಸಾಹೇಬರ ಮುಂದೆ ನಿಂತು, "ರಜಾ ಬೇಕಾಗಿತ್ರಿ ಸಾಹೇಬ್ರ. ಅಡುಗಿ ಕಲಿಯಾಕ ಹೋಗ್ಬೇಕಂತ ಮಾಡೀನಿ" ಎಂದ.

"ಯಾಕ ಅಂಬಣ್ಣ, ಬಿಸಿಲು ನೆತ್ತಿಗೇರ್ಯಾದೇನು?" ಎಂದು ಸಾಹೇಬರು ಕೇಳಿದರು. ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಇದು ಚೇಷ್ಟೆಯ ಮಾತಲ್ಲ, ಕಾಳಜಿಯ ಮಾತು. ರಜೆಯೇನೋ ಸಿಕ್ಕಿತು. ಆದರೆ ಸುದ್ದಿ, ಅಪ್ಪ ಮನೆ ಮುಟ್ಟುವ ಮೊದಲೇ ಸಿಕ್ಕಸಿಕ್ಕ ಬಸ್ಸು ಹತ್ತಿ ಸಿಂಧನೂರು, ಲಿಂಗಸೂಗೂರು ಎಲ್ಲಾ ಸುತ್ತಿತ್ತು. ಹಿರೇಕೊಟ್ನೆಕಲ್ಲಿಗೆ ಮಾತ್ರ ಹೋಗಿರಲಿಲ್ಲ, ಅದು ನಮ್ಮ ಪುಣ್ಯ. ಅಲ್ಲಿ ಅವ್ವ ಇದ್ದಳು. ತನ್ನ ತಮ್ಮನ ಮಗಳ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಆಕೆಗೆ ಗೊತ್ತಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾನು ರಾಧಾ, ಇವರಿಬ್ಬರ ಮಗಳು. ಮಾನ್ವಿಯಲ್ಲಿ ಸಾಲಿ ಕಲಿಸುತ್ತೇನೆ, ರಾಯಚೂರಿನಿಂದ ದಿನಾ ಓಡಾಟ. ನನ್ನ ಕೈಗೆ ರೊಟ್ಟಿ ಬರುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಆಮೇಲೆ 'ಮನೆಯಲ್ಲಿ ಇಷ್ಟುದ್ದದ ಮಗಳಿದ್ದಳಲ್ಲ' ಎಂದು ಯಾರೂ ನನ್ನ ಮೇಲೆ ಬರಬಾರದು. ಒಮ್ಮೆ ಬಡಿದಿದ್ದೆ. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಯವ್ವಾ, ನೀ ಓದಿಕೋ ಹೋಗು" ಎಂದಳು. ಅಲ್ಲಿಗೆ ಮುಗಿಯಿತು.

ಅಪ್ಪನಿಗೆ ರೊಟ್ಟಿಯ ಹುಚ್ಚು ಹಿಡಿದದ್ದು ಹೀಗೆ. ಅವ್ವನಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ ಎಂದು ಕಣ್ಣು ತೋರಿಸಲು ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಕಣ್ಣಿಗೆ ಹನಿ ಹಾಕಿ ಮಧ್ಯಾಹ್ನದವರೆಗೂ ಕೂರಿಸಿದರು. ಹೊರಗೆ ಬಂದಾಗ ಹಸಿವು ಕಿತ್ತುಕೊಂಡು ಬರುತ್ತಿತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಖಾನಾವಳಿಗೆ ಹೋದೆವು. ಅವ್ವ ಖಾನಾವಳಿಯೊಳಗೆ ಕಾಲಿಟ್ಟಿದ್ದೇ ಅವತ್ತು ಮೊದಲು. ಸೆರಗು ಎಳೆದುಕೊಂಡು, ಬೆಂಚಿನ ತುದಿಯಲ್ಲಿ, ಯಾರಾದರೂ ಏಳು ಎಂದರೆ ಎದ್ದುಬಿಡುವವಳಂತೆ ಕೂತಿದ್ದಳು.

ಒಳಗಿನಿಂದ ಒಬ್ಬಾಕೆ ಹಂಚಿನ ಮೇಲಿಂದ ಎತ್ತಿದ ರೊಟ್ಟಿಯನ್ನು ಹಾಗೇ ತಂದು ಅವ್ವನ ತಾಟಿಗೆ ಹಾಕಿದಳು. ಅವ್ವ ಮುರಿದಳು, ಪುಂಡಿಪಲ್ಯ ಹಚ್ಚಿಕೊಂಡಳು, ಬಾಯಿಗಿಟ್ಟಳು. ಅಗಿಯುತ್ತಿದ್ದವಳು ನಡುವೆಯೇ ಅಗಿಯುವುದು ನಿಲ್ಲಿಸಿದಳು.

"ಯಾಕವ್ವಾ, ಖಾರ ಆತೇನು?" ಎಂದೆ.

"ಇಲ್ಲಬೇ" ಎಂದಳು ಮೆಲ್ಲಗೆ. "ಬಿಸಿ ರೊಟ್ಟಿ ಬಾಯಾಗ ಇಷ್ಟು ಸವಿ ಇರ್ತದಂತ ನನಗ ಗೊತ್ತಿದ್ದಿಲ್ಲ."

ನಾನು ನಕ್ಕೆ. ದಿನಾ ಬಿದಿರಿನ ಪುಟ್ಟಿ ತುಂಬ ರೊಟ್ಟಿ ಬಡಿಯುವವಳು ಆಡುವ ಮಾತೇ ಇದು! ಆದರೆ ಅಪ್ಪ ನಗಲಿಲ್ಲ. ತಾಟಿನ ಮೇಲಿದ್ದ ಅವನ ಕೈ ಅಲ್ಲೇ ಇತ್ತು. ಆಗ ನನಗೂ ತಿಳಿಯಿತು. ಅವ್ವನದು ಕುರಿ ಕಾಯುವ ಮನೆ. ಹುಡುಗಿಯಾಗಿದ್ದಾಗ ಉಂಡದ್ದು ಬುತ್ತಿ ರೊಟ್ಟಿ, ಅದೂ ಅಡವಿಯಲ್ಲಿ, ಹೊತ್ತು ಏರಿದ ಮೇಲೆ. ಮದುವೆಯಾಗಿ ಬಾಗಲವಾಡದ ತುಂಬಿದ ಮನೆಗೆ ಬಂದಳು. ಅಲ್ಲಿ ಮಾವ, ಮೈದುನರು, ಗಂಡ, ಮಕ್ಕಳು, ಅತ್ತೆ, ಎಲ್ಲರ ತಾಟಿಗೂ ಹಂಚಿನಿಂದ ಹಾಕಿ, ಒಲೆ ಆರಿಸಿ, ಹಿಟ್ಟು ನಾದುವ ಪರಾತ ತೊಳೆದು, ಆಮೇಲೆ ಪುಟ್ಟಿಯ ತಳದಲ್ಲಿ ಉಳಿದದ್ದು ಆಕೆಯದು. ರಾಯಚೂರಿಗೆ ಬಂದು ಮೂವರೇ ಆದ ಮೇಲೂ ಆ ರೂಢಿ ಹೋಗಲಿಲ್ಲ. ರೊಟ್ಟಿ ಬಡಿಯುವವಳು ಕಡೆಗೆ ಉಣ್ಣಬೇಕು, ಅಷ್ಟೇ. ಯಾರು ಹೇಳಿದರು? ಯಾರೂ ಹೇಳಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ.

ಮರುವಾರ ಅವ್ವ ಹಿರೇಕೊಟ್ನೆಕಲ್ಲಿಗೆ ಹೋದ ದಿನ, ಬಸ್ಸು ಹತ್ತಿಸಿ ಬಂದ ಅಪ್ಪ ನನ್ನ ಮುಂದೆ ಕೂತ.

"ರಾಧಾ, ನಿನ್ನ ಫೋನಿನ್ಯಾಗ ಅಡುಗಿ ಕಲಿಸೋ ಜಾಗ ಸಿಗತಾವೇನು ನೋಡು. ರಜಾ ಹಾಕಿ ಹೋಗಿ ಕಲ್ತು ಬರ್ತೀನಿ. ನಿಮ್ಮವ್ವ ಬರೋದರಾಗ ನಾ ರೊಟ್ಟಿ ಬಡಿಯೋದು ಕಲಿಬೇಕು. ಆಕಿ ಕುಂದ್ರಬೇಕು, ನಾ ಬಿಸೇದು ಹಾಕ್ಬೇಕು, ಆಕಿ ಮೊದಲು ಉಣ್ಣಬೇಕು."

ಚಹಾ ಮಾಡು ಎಂದರೆ ಹಾಲು ಉಕ್ಕಿಸಿ ಒಲೆಗೆ ಅಭಿಷೇಕ ಮಾಡುವ ಮನುಷ್ಯ! ನಾನೇ ಪಾಪ ಎಂದುಕೊಂಡು, "ನಾನ ಕಲ್ತು ಹಾಕ್ತೀನಿ ಬಿಡಪ್ಪ" ಎಂದೆ.

"ಇಷ್ಟು ವರ್ಷ ಬಿಸೇದು ಉಂಡಾಂವ ನಾ. ಬಡಿಬೇಕಾದಾಂವನೂ ನಾನ" ಎಂದ.

ಸರಿ, ಹುಡುಕಿದೆವು. ಅಡುಗೆ ಕಲಿಯಲೆಂದೇ ಜನ ಪ್ರವಾಸ ಹೋಗುತ್ತಾರೆಂದು ಅಪ್ಪನಿಗೆ ಅವತ್ತೇ ಗೊತ್ತಾದದ್ದು. ಸಮುದ್ರದ ದಂಡೆಯ ಹೋಟೆಲು, ತಲೆಗೆ ಬಿಳಿ ಟೊಪ್ಪಿಗೆ, ಬೆಳಿಗ್ಗೆ ಮೀನು ಕುಯ್ಯುವ ಪಾಠ, ಸಂಜೆ ಈಜು. ಅಪ್ಪ ಕನ್ನಡಕ ಏರಿಸಿ ಎಲ್ಲವನ್ನೂ ಭಕ್ತಿಯಿಂದ ನೋಡಿದ. ಹೈದರಾಬಾದಿನಲ್ಲಿ ಕೇಕು ಕಲಿಸುವವರಿದ್ದರು. ಗೋವಾದಲ್ಲಿ ಇನ್ನೇನೋ ಇತ್ತು.

"ಇಷ್ಟು ದೊಡ್ಡ ದೇಶದಾಗ ಜೋಳದ ರೊಟ್ಟಿ ಕಲಿಸಾವ್ರು ಒಬ್ಬರೂ ಇಲ್ಲೇನು ರಾಧಾ?"

"ಯಾರು ಕಲಿಸ್ತಾರಪ್ಪ? ಎಲ್ಲಾ ಮನ್ಯಾಗೂ ಒಬ್ಬಾಕಿ ಇರ್ತಾಳಲ್ಲ, ಕಲತಾಕಿ."

ಅಪ್ಪ ಕನ್ನಡಕ ತೆಗೆದಿಟ್ಟ. ಆಮೇಲೆ ತೊಡೆ ತಟ್ಟಿ, "ದೇವದುರ್ಗ!" ಎಂದ.

ದೇವದುರ್ಗದಲ್ಲಿ ಅಕ್ಬರಿ ಬೇಗಂ ಎಂಬ ಹಿರಿಯಾಕೆ ಇದ್ದಾರೆ. ಮನೆಯಲ್ಲಿ ಖಡಕ್ ರೊಟ್ಟಿ ಬಡಿದು, ಗಂಟು ಕಟ್ಟಿ, ಅಪ್ಪನ ಬಸ್ಸಿನಲ್ಲಿ ರಾಯಚೂರಿಗೆ ತಂದು ಮಾರುತ್ತಾರೆ. ಗಂಟಿಗೆ ಲಗೇಜ್ ಟಿಕೆಟ್ ತಗೊಳ್ಳಬೇಕೋ ಬೇಡವೋ ಎಂದು ಇಬ್ಬರೂ ವರ್ಷಗಟ್ಟಲೆ ಜಗಳವಾಡಿದ್ದಾರೆ. ಜಗಳವಾಡುತ್ತಲೇ ಅಪ್ಪ ಅವರನ್ನು ಆಪಾ, ಅಂದರೆ ಅಕ್ಕ, ಎನ್ನಲು ಕಲಿತ, ಅವರು ಈದಿಗೆ ಸುರಕುಂಬಾ ಪಾಯಸ ಕೊಟ್ಟು ಕಳಿಸಲು ಕಲಿತರು.

ಅಪ್ಪನ ತಯಾರಿ ನೋಡಬೇಕಿತ್ತು. ಕಾಶಿಗೆ ಹೊರಟವರು ಕೂಡ ಅಷ್ಟು ಯೋಚಿಸುವುದಿಲ್ಲ. ಉಳಿದುಕೊಳ್ಳುವುದು ಡ್ರೈವರ್ ಅಯ್ಯಪ್ಪ ಕಾಕಾನ ಮನೆಯಲ್ಲಿ, ಅವನ ಮನೆಯೂ ದೇವದುರ್ಗದಲ್ಲೇ. ಬೆಳಿಗ್ಗೆ ಆಪಾ ಮನೆಯಲ್ಲಿ ಪಾಠ, ಬಿಸಿಲು ಏರಿದ ಮೇಲೆ ನಿದ್ದೆ, ಸಂಜೆ ಮತ್ತೆ ಕೈ ಪಳಗಿಸುವುದು. ಹಳೆಯ ಲುಂಗಿ ಇಟ್ಟುಕೊಂಡ, ಬೆವರಿಗೆ ಟವೆಲ್ ಇಟ್ಟುಕೊಂಡ. ನಾನು ಸುಟ್ಟ ಗಾಯದ ಮುಲಾಮು ಇಟ್ಟೆ. "ಅಪಶಕುನದಾಕಿ" ಎಂದು ಬೈದು ಅದನ್ನೂ ಇಟ್ಟುಕೊಂಡ. ಅವ್ವನಿಗೆ ಫೋನ್ ಮಾಡಿ, "ದೇವದುರ್ಗದ ಕಡೆ ಕೆಲಸ ಅದ, ಅಯ್ಯಪ್ಪನ ಮನ್ಯಾಗ ಇರ್ತೀನಿ" ಎಂದ. ಸುಳ್ಳೇನಲ್ಲ, ಕೆಲಸವೇ ಅಲ್ಲವೇ!

ನನಗೂ ಸಾಲಿ ರಜೆ. ವಾರ ಕಳೆದ ಮೇಲೆ ಏನು ನಡೆದಿದೆ ನೋಡೋಣ ಎಂದು ದೇವದುರ್ಗಕ್ಕೆ ಹೋದೆ. ಆಪಾ ಮನೆಯ ಅಂಗಳದ ತಗಡಿನ ಕೆಳಗೆ ಒಲೆ ಉರಿಯುತ್ತಿತ್ತು. ನಮ್ಮಪ್ಪ ಬನಿಯನ್ನಿನಲ್ಲಿ, ಮೊಣಕೈವರೆಗೂ ಹಿಟ್ಟಾಗಿ, ಬೆವರಿನಲ್ಲಿ ತೊಯ್ದು, ಒಂದು ಹಿಟ್ಟಿನ ಮುದ್ದೆಯೊಡನೆ ಕುಸ್ತಿ ಆಡುತ್ತಿದ್ದ. ಅದು ಅಂಚಿನಲ್ಲಿ ಸೀಳುತ್ತಿತ್ತು.

"ಹಿಟ್ಟು ಸರಿ ಇಲ್ರಿ ಆಪಾ" ಎಂದ.

"ಹೌದ್ಹೌದು, ಕುಣಿಯಾಕ ಬರದಾಕಿ ನೆಲ ಡೊಂಕಂದ್ಲಂತ" ಎಂದರು ಅಕ್ಬರಿ ಬೇಗಂ. "ಅರೇ ಕಂಡಕ್ಟರ್ ಸಾಬ್, ಇದು ಟಿಕೆಟ್ ಅಲ್ರಿ ಹರದು ಹರದು ಕೊಡಾಕ. ಅಂಗೈ ಬುಡದಿಂದ ನಾದ್ರಿ. ಜೋಳಕ್ಕ ಗೋಧಿಯಂಗ ಜಿಗಟು ಇರಂಗಿಲ್ಲ. ಕುದಿಯೋ ಎಸರು ಹೊಯ್ದು, ಕೈ ಸುಡೋ ಹೊತ್ತಿನ್ಯಾಗ ನಾದಿದ್ರ ಜಿಗಟು ಬರ್ತದ. ಕೈ ಸುಡ್ತದಂತ ತಣ್ಣೀರು ಹಾಕಿದ್ರ ಹಿಂಗ ಸೀಳ್ತದ."

ಕೈ ಸುಡುತ್ತದೆಂದು ತಣ್ಣೀರು ಹಾಕಿದ್ದು ಸಿಕ್ಕಿಬಿದ್ದ ಅಪ್ಪ, ನನ್ನನ್ನು ನೋಡಿ ಹುಡುಗರಂತೆ ತಲೆ ತಗ್ಗಿಸಿದ. ಅವನ ಅಂಗೈ ಕೆಂಪಗಾಗಿತ್ತು. ನನಗೆ ನಗುವೂ ಬಂತು, ಕರುಳೂ ಚುರುಕ್ ಎಂದಿತು.

ಬಡಿಯುವುದಕ್ಕೆ ಒಂದು ತಾಳ ಇರುತ್ತದೆ. ಒಬ್ಬೊಬ್ಬಾಕೆಯದು ಒಂದೊಂದು. ಅಕ್ಬರಿ ಬೇಗಮರದು ಮೂರು ಬಡಿತ, ಒಂದು ತಿರುವು. ಪಟಪಟಪಟ, ಸರ್. ಪಟಪಟಪಟ, ಸರ್. ಅಪ್ಪನ ಕೈ ಹಿಡಿದು ಅದನ್ನೇ ಕಲಿಸಿದರು. ಕಂಡಕ್ಟರ್ ಕೈಗೆ ತಾಳ ಬೇಗ ಹತ್ತಿತು. ರೊಟ್ಟಿ ದುಂಡಗಾಗಲು ತಡವಾಯಿತು.

ನಾನು ಹೊರಡುವ ದಿನ ಅಪ್ಪನ ರೊಟ್ಟಿಯೊಂದು ಮೊದಲ ಬಾರಿಗೆ ಸೀಳದೆ ಹಂಚಿನ ಮೇಲೆ ಉಬ್ಬಿತು. ಅಪ್ಪ ಸಂಭ್ರಮದಲ್ಲಿ ಅದನ್ನೆತ್ತಿ ಆಪಾ ತಾಟಿಗೆ ಹಾಕಲು ಹೋದ. ಅವರು ತಾಟು ಹಿಂದಕ್ಕೆಳೆದುಕೊಂಡರು.

"ತೌಬಾ ತೌಬಾ. ಯಾರ ಸಲುವಾಗಿ ಕಲಿಯಾಕ ಬಂದೀರಿ, ಮೊದಲಿಂದು ಆಕಿಗೆ. ನಂದು ಆಮ್ಯಾಲ. ಅದ ನನ್ನ ಫೀಸು." ಆಮೇಲೆ ಒಲೆಗೆ ಕಟ್ಟಿಗೆ ತಳ್ಳುತ್ತಾ ಹೇಳಿದರು. "ನನ್ನ ತಾಟಿಗೂ ಬಿಸೇದು ಯಾರೂ ಹಾಕಿಲ್ಲ, ಕಂಡಕ್ಟರ್ ಸಾಬ್."

ಆ ಫೀಸನ್ನು ಅಪ್ಪ ಆಮೇಲೊಂದು ಭಾನುವಾರ ಹೋಗಿ ತೀರಿಸಿ ಬಂದ. ಉಬ್ಬಿದ ಆ ಮೊದಲ ರೊಟ್ಟಿಯನ್ನು ಮಾತ್ರ ಬಾಗಿಲ ಮುಂದಿನ ಆಕಳು ತಿಂದಿತು.

ಅವ್ವ ಬರುವ ದಿನ ಬಂತು. ಅಪ್ಪ ಹಿಂದಿನ ಸಂಜೆಯೇ ರಾಯಚೂರು ಸೇರಿದ್ದ. ನಮ್ಮ ಮನೆಯಲ್ಲಿ ಗ್ಯಾಸ್ ಇದೆ, ಆದರೆ ರೊಟ್ಟಿಗೆ ಹಿತ್ತಲಿನ ಕಟ್ಟಿಗೆ ಒಲೆಯೇ ಆಗಬೇಕು. ಬೆಳಿಗ್ಗೆಯೇ ಅಪ್ಪ ಅಲ್ಲಿ ಕೂತು ಕೈ ಪಳಗಿಸಲು ಶುರು ಮಾಡಿದ. ನಾನು ಪುಂಡಿಪಲ್ಯ ಮಾಡಿದೆ, ನಂಚಿಕೊಳ್ಳಲು ಶೇಂಗಾ ಹಿಂಡಿ ತೆಗೆದಿಟ್ಟೆ, ಆಮೇಲೆ ಕಿಟಕಿಯಲ್ಲಿ ಕಾವಲು ನಿಂತೆ. ಅಪ್ಪನ ಹೆದರಿಕೆ ನೋಡಲಾಗುತ್ತಿರಲಿಲ್ಲ. "ಬಂದಳೇನು? ಬಂದಳೇನು?" ಎಂದು ಒಂದೇ ಸಮನೆ ಕೇಳುತ್ತಿದ್ದ.

ನಾವಿಬ್ಬರೂ ಒಂದು ಸಂಗತಿ ಮರೆತಿದ್ದೆವು. ನಮ್ಮ ಓಣಿಯ ಹೆಂಗಸರಿಗೆ ಯಾರ ಮನೆಯಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದಾರೆಂದು ಎದ್ದು ನೋಡುವ ಅಗತ್ಯವಿಲ್ಲ. ಸಪ್ಪಳ ಸಾಕು. ಅವ್ವನ ತಾಳ ಎರಡು ಹಗುರ, ಒಂದು ಭಾರ. ಅದು ಓಣಿಗೆಲ್ಲ ಗೊತ್ತು.

ಅವ್ವ ತಲೆಯ ಮೇಲೊಂದು ಗಂಟು, ಕೈಯಲ್ಲೊಂದು ಚೀಲ ಹಿಡಿದು ಓಣಿ ತಿರುಗಿದಳು. ಎದುರು ಮನೆಯ ಸೂಗಮ್ಮ ಕಟ್ಟೆಯ ಮೇಲೆ ಆಕೆಗಾಗಿಯೇ ಕಾದು ಕೂತಿದ್ದಳೆಂದು ಕಾಣುತ್ತದೆ.

"ಬೂದೆಮ್ಮಾ, ಈಗ ಬರಾಕತ್ತಿಯೇನಬೇ? ಹಂಗಾರ ನಿಮ್ಮ ಮನ್ಯಾಗ ಯಾರದು? ಬೆಳಿಗ್ಗಿಂದ ಒಂದೇ ಸವನ ರೊಟ್ಟಿ ಬಡ್ಯಾಕತ್ತಾಳ. ಕೈ ನಮ್ಮ ಓಣಿದಲ್ಲ."

ಅವ್ವ ನಿಂತು ಕಿವಿಗೊಟ್ಟಳು. ಪಟಪಟಪಟ, ಸರ್. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆಕೆಯ ಮುಖ ಒಮ್ಮೆಗೇ ಬಿಗಿಯಿತು. ಮಗಳ ಕೈಯಲ್ಲ, ಮಗಳಿಗೆ ಕೈಯೇ ಇಲ್ಲ. ಗಂಡ ಇಷ್ಟು ದಿನ ದೇವದುರ್ಗದಲ್ಲಿ. ಈಗ ತನ್ನ ಒಲೆಯ ಮುಂದೆ ಯಾವಳೋ ಪಳಗಿದ ಕೈಯವಳು. ನಡುವಿನ ಲೆಕ್ಕವನ್ನು ಅವ್ವ ಬಾಗಿಲು ಮುಟ್ಟುವುದರೊಳಗೆ ತಾನೇ ಹಾಕಿಕೊಂಡಿದ್ದಳು.

ಗಂಟನ್ನು ಪಡಸಾಲೆಯಲ್ಲಿ ಒಗೆದಳು. ನಾನು "ಯವ್ವಾ" ಎನ್ನುವಷ್ಟರಲ್ಲಿ ನನ್ನನ್ನು ಸರಿಸಿ, "ಯಾಕಿ ಅಕಿ ನನ್ನ ಒಲಿ ಮುಂದ?" ಎಂದು ಹಿತ್ತಲಿಗೆ ನುಗ್ಗಿದಳು.

ಅಲ್ಲಿ ಅಪ್ಪ ಕೂತಿದ್ದ. ಹುಬ್ಬಿಗೂ ಹಿಟ್ಟು, ಮೀಸೆಗೂ ಹಿಟ್ಟು.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಧ್ವನಿ ತಗ್ಗಿಸಿ, "ರೀ! ಇದೇನು ಅವತಾರ? ಏಳ್ರಿ ಮೊದಲು. ಗಂಡಸು ರೊಟ್ಟಿ ಬಡಿಯೋ ಸಪ್ಪಳ ಓಣಿಗೆಲ್ಲ ಕೇಳಾಕತ್ತದ. ನಾ ಇನ್ನೂ ಸತ್ತಿಲ್ಲ. ಏಳ್ರಿ, ನಾ ಬಡಿತೀನಿ" ಎಂದು ಬಗ್ಗಿ ಹಿಟ್ಟಿಗೆ ಕೈ ಹಾಕಿಯೇ ಬಿಟ್ಟಳು. ದಾರಿಯ ಧೂಳು ಕೂಡ ಇನ್ನೂ ಕಾಲಿನಲ್ಲಿತ್ತು.

ನಮ್ಮ ಮನೆಯಲ್ಲಿ ಅಪ್ಪ ಧ್ವನಿ ಏರಿಸಿದ್ದು ನಾನು ಕೇಳಿಲ್ಲ. ಬಸ್ಸಿನಲ್ಲಿ ಎಷ್ಟು ಕೂಗುತ್ತಾನೋ ಮನೆಯಲ್ಲಿ ಅಷ್ಟು ಮೆತ್ತಗೆ. ಅವತ್ತು ಕೂಗಿದ.

"ಕೈ ತೆಗಿ! ಹೋಗಿ ಕೈಕಾಲು ತೊಳಕೊಂಡು ಬಂದು ಕುಂದ್ರು."

ಅವ್ವ ಬೆಚ್ಚಿ ಕೈ ತೆಗೆದಳು. ಅಪ್ಪನಿಗೇ ಕಸಿವಿಸಿಯಾಯಿತು. "ನಿನಗ ಬಿಸೇದು ಹಾಕಬೇಕಂತ ಕಲ್ತು ಬಂದೀನಿ, ಬೂದೆಮ್ಮ" ಎಂದ, ಈಗ ಮೆಲ್ಲಗೆ. "ರಜಾ ಹಾಕಿ ಕಲ್ತೀನಿ. ಅಕ್ಬರಿ ಆಪಾನ ಕಡೆ. ಕುಂದ್ರು."

ಅವ್ವ ನನ್ನ ಮುಖ ನೋಡಿದಳು. ನಾನು ಮಣೆ ಹಾಕಿದೆ. ಕಾಲು ತೊಳೆದು ಬಂದು ಕೂತಳು, ಖಾನಾವಳಿಯ ಬೆಂಚಿನ ಮೇಲೆ ಕೂತಂತೆಯೇ, ತುದಿಯಲ್ಲಿ.

ಅವ್ವನಿಗೆಂದು ಬಡಿದ ಮೊದಲ ರೊಟ್ಟಿ ಸೀಳಿತು. ಅವ್ವ ತಡೆಯಲಾರದೆ, "ಎಸರು..." ಎಂದಳು. "ಗೊತ್ತದ ನನಗ" ಎಂದು ಅಪ್ಪ ಎಸರು ಹೊಯ್ದು, ಕೈ ಸುಟ್ಟರೂ ಮುಖ ಕಿವಿಚದೆ, ಮತ್ತೆ ನಾದಿದ. ಬಡಿದ. ತಿರುವಿದ. ಹಂಚಿಗೆ ಹಾಕಿ ಬಟ್ಟೆಯಿಂದ ನೀರು ಸವರಿದ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ದುಂಡಗೆ ಎನ್ನಲು ನನ್ನ ಬಾಯಿ ಬರುವುದಿಲ್ಲ. ಆದರೆ ನಡುವಿನಲ್ಲಿ ಉಬ್ಬಿತು. ಅಪ್ಪ ಅದನ್ನೆತ್ತಿ ಅವ್ವನ ತಾಟಿಗೆ ಹಾಕಿದ.

ಅವ್ವ ಏನು ಮಾಡಿದಳು ಗೊತ್ತೇ? ರೊಟ್ಟಿಯನ್ನು ತಾಟಿನಿಂದೆತ್ತಿ, ಪಕ್ಕದ ಪುಟ್ಟಿಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿದಳು.

"ನೀವೂ ಬರ್ರಿ. ಎಲ್ಲಾರೂ ಕೂಡೇ ಉಣ್ಣೋಣು."

"ಆರ್ತದಬೇ!" ಅಪ್ಪ ಅಳುವ ಧ್ವನಿಯಲ್ಲಿ ಅಂದ. ನನಗಂತೂ ಸಿಟ್ಟು ನೆತ್ತಿಗೇರಿತು. ಪುಟ್ಟಿಗೆ ಕೈ ಹಾಕಿ ರೊಟ್ಟಿ ತೆಗೆದು, ಮುರಿದು, ಪಲ್ಯ ಹಚ್ಚಿ, ಅವ್ವನ ಬಾಯಿಯ ಮುಂದೆ ಹಿಡಿದೆ. "ಬಾಯಿ ತೆಗಿ ಯವ್ವಾ. ಅಪ್ಪನ ಅಂಗೈ ನೋಡು ಒಂದ್ಸಲ, ಆಮ್ಯಾಲ ಬೇಕಾದ್ರ ಉಣಬ್ಯಾಡ."

ಅವ್ವ ಅಪ್ಪನ ಕೈ ನೋಡಿದಳು. ಆಮೇಲೆ ಆ ತುತ್ತನ್ನು ನನ್ನಿಂದ ಇಸಿದುಕೊಂಡು ತಾನೇ ಬಾಯಿಗಿಟ್ಟಳು. ಬಿಸಿ ನುಂಗಿ ಅಭ್ಯಾಸವಿಲ್ಲ, ನಾಲಗೆ ಸುಟ್ಟಿತು. ಹಾ ಹಾ ಎಂದು ಬಾಯಿಗೆ ಗಾಳಿ ಎಳೆದುಕೊಂಡಳು. ಕಣ್ಣಲ್ಲಿ ನೀರು ಬಂತು.

"ಸುಡ್ತೇನು?" ಅಪ್ಪ ಗಾಬರಿಯಾದ.

"ಹೂಂ" ಎಂದಳು ಅವ್ವ, ನಗುತ್ತಾ, ಅಳುತ್ತಾ. "ಇನ್ನೊಂದು ಹಾಕ್ರಿ."

ಅಪ್ಪ ಹಾಕಿದ. ಹಾಕುತ್ತಲೇ ಹೋದ. ಅವ್ವ ಮಣೆಯ ತುದಿಯಿಂದ ನಿಧಾನವಾಗಿ ಹಿಂದೆ ಸರಿದು, ಗೋಡೆಗೆ ಆತು, ಕಾಲು ಮಡಚಿ ಆರಾಮಾಗಿ ಕೂತು ಉಂಡಳು. ಅಪ್ಪನ ತಾಳ ಕೇಳುತ್ತಾ, "ಇದು ಆಪಾನ ಬಡಿತ. ನಂದು ಕಲಿಸ್ತೀನಿ ತಡೀರಿ, ಮಂದಿ ಏನೇನೋ ತಿಳ್ಕೋತಾರ" ಎಂದಳು. ನಾನು ಉಂಡೆ. ಸಪ್ಪಳದ ಮೂಲ ಹುಡುಕಿಕೊಂಡು ಬಂದ ಸೂಗಮ್ಮನೂ ಒಂದು ಉಂಡಳು. ಉಂಡು, ಅಪ್ಪನನ್ನೇ ನೋಡುತ್ತಾ ಕೂತು, ಎದ್ದು ಹೋದಳು.

ಹಿಟ್ಟು ಮುಗಿಯಿತು. ಅಪ್ಪ ಒಲೆ ಆರಿಸಿದ, ಹಂಚು ಇಳಿಸಿದ, ಹಿಟ್ಟಿನ ಪರಾತ ತೊಳೆದ. ಆಮೇಲೆ ಬಂದು ಕೂತ. ಪುಟ್ಟಿಯ ತಳದಲ್ಲಿ ಬೆಳಿಗ್ಗೆ ಕೈ ಪಳಗಿಸಲು ಬಡಿದಿದ್ದವು ಉಳಿದಿದ್ದವು. ಅತ್ತ ಮೆತ್ತಗೂ ಇಲ್ಲ, ಇತ್ತ ಖಡಕ್ಕೂ ಇಲ್ಲ, ಆರಿ ತೊಗಲಿನಂತಾಗಿದ್ದವು. ಅವ್ವ ಏಳಲು ಹೋದಳು. "ಒಂದು ಬಿಸೇದು ಬಡಿತೀನ್ರಿ ನಿಮಗ, ತಡವಾಗಂಗಿಲ್ಲ."

"ಬ್ಯಾಡ. ಇವತ್ತು ಒಲಿ ಮುಂದ ನಂದು ಡ್ಯೂಟಿ" ಎಂದು ಅಪ್ಪ ಆರಿದ ರೊಟ್ಟಿ ಮುರಿದು ಬಾಯಿಗಿಟ್ಟ. ಅಗಿದ. ಬಹಳ ಹೊತ್ತು ಅಗಿದ. ಗಂಟಲಲ್ಲಿ ಹಿಡಿಯಿತೆಂದು ಕಾಣುತ್ತದೆ, ಎದೆ ಸವರಿಕೊಂಡ.

"ಬೂದೆಮ್ಮ" ಎಂದ, "ಇದನ್ನ ಇಷ್ಟು ವರ್ಷ ಹೆಂಗ ನುಂಗಿದಿ?"

"ನೀರು ಕುಡ್ಕೋಂತ" ಎಂದಳು ಅವ್ವ, ಅದೇನು ದೊಡ್ಡ ಮಾತೆಂಬಂತೆ, ಮತ್ತು ಚೆಂಬು ಮುಂದಕ್ಕೆ ಸರಿಸಿದಳು.

ಅಪ್ಪ ಚೆಂಬು ಮುಟ್ಟಲಿಲ್ಲ. ತಲೆ ತಗ್ಗಿಸಿ, ಪುಟ್ಟಿಯಲ್ಲಿದ್ದ ಅಷ್ಟನ್ನೂ ಒಣಬಾಯಿಯಲ್ಲೇ ಉಂಡು ಮುಗಿಸಿದ.